ಅಪ್ಪನ ಭತ್ತ

“ಗುರುಗಳೇ, ನಿಮ್ಮ ಬಳಿ ಕಲಿತ ಹಿರಿಯರಿಬ್ಬರನ್ನು ಕಂಡು ಬಂದೆ. ಮೌನವಾಗಿರು ಎಂಬುದೇ ನಿಮ್ಮ ಉಪದೇಶ ಎಂದು ಒಬ್ಬರು ಹೇಳುತ್ತಾರೆ. ಬಾಯಿ ಬಿಟ್ಟು ಮಾತಾಡು ಎಂಬುದೇ ನಿಮ್ಮ ಉಪದೇಶ ಎಂದು ಇನ್ನೊಬ್ಬರು ಹೇಳುತ್ತಾರೆ. ಇಬ್ಬರಲ್ಲಿ ನಿಮ್ಮ ಮಾತನ್ನು ಕೆಡದಂತೆ ಉಳಿಸಿಕೊಂಡವರು ಯಾರು?”

ಕೇಳಿದವನು ತಿಪ್ಪಯ್ಯ. ಮುಂದಿನ ತಿಂಗಳು ಅವನು ದೂರದ ಊರಿಗೆ ಹೋಗಿ ಗುರುಗಳ ಹೆಸರಿನಲ್ಲಿ ನಾಲ್ಕು ಜನಕ್ಕೆ ಕಲಿಸಬೇಕಾಗಿತ್ತು. ತಪ್ಪು ಕಲಿಸಿದರೆ ಗುರುಗಳ ಹೆಸರು ಕೆಡುತ್ತದೆಂಬ ಹೆದರಿಕೆಯಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಗುರುಗಳು ಗೋಡೆಗೆ ಒರಗಿ ಕಾಲು ಚಾಚಿದರು. ಕತೆ ಹೇಳುವ ಮುಂಚೆ ಅವರು ಕಾಲು ಚಾಚುವುದು ವಾಡಿಕೆ.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಅವನ ಮನೆತನದಲ್ಲಿ ತಲೆತಲಾಂತರದಿಂದ ಬಂದ ಒಂದು ಭತ್ತವಿತ್ತು. ಸಾಯುವಾಗ ಅವನು ಇಬ್ಬರು ಮಕ್ಕಳನ್ನು ಕರೆದ. “ಹಿರಿಯರ ಹಬ್ಬದಲ್ಲಿ ನನಗೆ ಎಡೆ ಇಡ್ತೀರಲ್ಲ, ಅದು ನನ್ನ ಭತ್ತದ ಅನ್ನವೇ ಆಗಿರಬೇಕು. ಬೇರೆ ಇಟ್ಟರೆ ನಾನು ಮುಟ್ಟೋನಲ್ಲ” ಎಂದು ಹೇಳಿ ಕಣ್ಣು ಮುಚ್ಚಿದ. ಬದುಕಿದ್ದಾಗಲೂ ಅವನು ಊಟದ ವಿಷಯದಲ್ಲಿ ಮಹಾ ಹಟಮಾರಿ. ಸತ್ತ ಮೇಲಾದರೂ ಸುಧಾರಿಸುತ್ತಾನೆಂಬ ನಂಬಿಕೆ ಮಕ್ಕಳಿಗಿರಲಿಲ್ಲ.

ನೆಲ ಪಾಲಾಯಿತು, ಭತ್ತವೂ ಪಾಲಾಯಿತು. ಅಣ್ಣನಿಗೆ ಕೆರೆಯ ಕೆಳಗಿನ ಗದ್ದೆ ಬಂತು. ಮಳೆಗಾಲದಲ್ಲಿ ಅಲ್ಲಿ ಸೊಂಟದ ತನಕ ನೀರು ನಿಲ್ಲುತ್ತಿತ್ತು. ತಮ್ಮನಿಗೆ ದಿಬ್ಬದ ಮೇಲಿನ ಗದ್ದೆ ಬಂತು. ಮಳೆ ಹಿಂದೆಗೆದ ಕೂಡಲೇ ಅದು ಬಿರುಕು ಬಿಡುತ್ತಿತ್ತು. ಅಪ್ಪನ ಭತ್ತದಲ್ಲಿ ಉದ್ದನೆಯ ಪೈರು, ಗಿಡ್ಡನೆಯ ಪೈರು, ಬೇಗ ಮಾಗುವುದು, ತಡವಾಗಿ ಮಾಗುವುದು, ಬಿಳಿ ಅಕ್ಕಿಯದು, ಕೆಂಪು ಅಕ್ಕಿಯದು ಎಲ್ಲ ಕಲೆತೇ ಇದ್ದವು. ಅಣ್ಣನ ಗದ್ದೆಯಲ್ಲಿ ಗಿಡ್ಡನೆಯವು ಮುಳುಗಿ ಕೊಳೆತವು. ನೀರಿನ ಮೇಲೆ ತಲೆಯೆತ್ತಿ ನಿಂತವುಗಳ ತೆನೆಯನ್ನು ಅವನು ಬೀಜಕ್ಕೆ ಇಟ್ಟುಕೊಂಡ. ತಮ್ಮನ ಗದ್ದೆಯಲ್ಲಿ ತಡವಾದವು ಜೊಳ್ಳಾದವು. ಬೇಗ ಮಾಗಿದ ಗಿಡ್ಡನೆಯವುಗಳ ತೆನೆಯನ್ನು ಅವನು ಇಟ್ಟುಕೊಂಡ. ಬೀಜಕ್ಕೆ ಒಳ್ಳೆಯ ತೆನೆ ಆರಿಸುವುದು ಎಲ್ಲ ರೈತರೂ ಮಾಡುವ ಕೆಲಸ. ಅದರಲ್ಲಿ ಇಬ್ಬರಿಗೂ ವಿಶೇಷವೇನೂ ಕಾಣಲಿಲ್ಲ.

ಪಾಲಾದಾಗ ಒಂದು ಹಲಸಿನ ಮರದ ವಿಷಯಕ್ಕೆ ಮಾತು ಬಿಟ್ಟವರು ಒಬ್ಬರ ಮನೆಗೆ ಒಬ್ಬರು ಹೋಗಿರಲಿಲ್ಲ. ಎಡೆಯನ್ನೂ ಬೇರೆ ಬೇರೆಯೇ ಇಡುತ್ತಿದ್ದರು. ಹೀಗೇ ಇಬ್ಬರ ತಲೆಯೂ ನರೆಯಿತು. ಕೊನೆಗೆ ಹಲಸಿನ ಮರವೇ ಬಿದ್ದುಹೋಯಿತು. ಇನ್ನೇನು ಜಗಳವೆಂದು ಅಣ್ಣ ಆ ವರ್ಷ ಹಬ್ಬಕ್ಕೆ ತಮ್ಮನ ಮನೆಗೆ ಹೋದ. ಎಡೆಯ ಮುಂದೆ ಕೈಮುಗಿಯಲು ಬಗ್ಗಿದವನು ಅನ್ನವನ್ನು ನೋಡಿ ಹಾಗೆಯೇ ನಿಂತುಬಿಟ್ಟ. ಅವನ ಮನೆಯ ಅನ್ನ ಉದ್ದ, ಬಿಳಿ. ಇಲ್ಲಿಯದು ಗುಂಡಗೆ, ಕೆಂಪಗೆ ಇತ್ತು.

“ಇದ್ಯಾವ ಭತ್ತಾನೋ? ಇಷ್ಟು ವರ್ಷ ಅಪ್ಪನ್ನ ಉಪವಾಸ ಕೆಡವಿದೀಯಲ್ಲೋ!”

“ಕೆಡವಿದೋನು ನೀನು. ನಿನ್ನ ಭತ್ತ ಕಬ್ಬಿನ ಹಾಗೆ ಬೆಳೆಯುತ್ತಂತೆ. ಅಪ್ಪ ಕಬ್ಬು ತಿಂತಿದ್ದನಾ?”

ಅಣ್ಣನಿಗೆ ಸಿಟ್ಟಿಗಿಂತ ಹೆಚ್ಚಾಗಿ ಸಂಕಟವಾಯಿತು. ಅಪ್ಪ ಎಲ್ಲೋ ಎಲೆಯ ಮುಂದೆ ಕುಳಿತು, ಕೈ ತೊಳೆದುಕೊಂಡು, ಮುಖ ಗಂಟಿಕ್ಕಿಕೊಂಡು ಏಳುವುದು ಅವನ ಕಣ್ಣಿಗೆ ಕಟ್ಟಿತು. ತನ್ನ ಅನ್ನವಾದರೂ ಅಪ್ಪನಿಗೆ ಸಲ್ಲುತ್ತಿದೆಯೋ ಇಲ್ಲವೋ ಎಂಬ ಅನುಮಾನವೂ ಹುಟ್ಟಿತು. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಕಾಗೆ ತೀರ್ಮಾನ ಮಾಡಲಿ ಎಂದು ಎರಡು ಎಡೆಗಳನ್ನು ಮನೆಯ ಮಾಡಿನ ಮೇಲಿಟ್ಟರು. ಕಾಗೆ ಎರಡರಲ್ಲೂ ಇದ್ದ ವಡೆಯನ್ನು ಕಚ್ಚಿಕೊಂಡು ಹಾರಿತು. ವ್ಯಾಜ್ಯ ಊರ ಗೌಡನ ಬಳಿಗೆ ಹೋಯಿತು. ಗೌಡ ನ್ಯಾಯವಂತ. ಅಪ್ಪನ ಭತ್ತವನ್ನು ಕಂಡವರನ್ನೆಲ್ಲ ಕರೆಸಿ ವಿಚಾರಿಸಿದ. ಒಬ್ಬ ಮುದುಕ ಕೆಂಪಗಿತ್ತು ಎಂದ. ಇನ್ನೊಬ್ಬ ಬೆಳ್ಳಗಿತ್ತು ಎಂದು ಆಣೆ ಮಾಡಿದ. ಚಿಕ್ಕಂದಿನಲ್ಲಿ ಅಪ್ಪನ ಹುಲ್ಲಿನ ಬಣವೆಯೊಳಗೆ ಬಿದ್ದಿದ್ದ ಮತ್ತೊಬ್ಬನಿಗೆ ಮೈ ತುರಿಸಿದ್ದೊಂದು ಚೆನ್ನಾಗಿ ನೆನಪಿತ್ತು. ಗೌಡ ತಲೆ ಕೆರೆದುಕೊಂಡು ಒಂದು ಉಪಾಯ ಹೇಳಿದ.

“ಎರಡೂ ನಿಮ್ಮಪ್ಪನ ನೆಲ. ಅಪ್ಪನ ಭತ್ತ ಅಪ್ಪನ ನೆಲದಲ್ಲಿ ಎಲ್ಲಿ ಹಾಕಿದ್ರೂ ಬರಬೇಕು. ಅವನ ಬೀಜ ನೀನು ಬಿತ್ತು, ನಿನ್ನ ಬೀಜ ಅವನು ಬಿತ್ತಲಿ. ಯಾವುದು ಸಾಯುತ್ತೋ ಅದು ಸುಳ್ಳು.”

ಇಬ್ಬರಿಗೂ ಇದು ಬಹಳ ಸರಿಯಾಗಿ ಕಂಡಿತು. ಕಳ್ಳತನದಿಂದ ತನ್ನದನ್ನೇ ಬಿತ್ತಿಬಿಟ್ಟಾನು ಎಂಬ ಅನುಮಾನದಿಂದ ಒಬ್ಬರ ಮನೆಯ ಬೀಜವನ್ನೆಲ್ಲ ಇನ್ನೊಬ್ಬರು ಗುಡಿಸಿ ತರಿಸಿಕೊಂಡು ಬಿತ್ತಿದರು. ಮಳೆ ಬಂತು. ತಮ್ಮನ ಗಿಡ್ಡ ಭತ್ತ ಅಣ್ಣನ ಗದ್ದೆಯಲ್ಲಿ ಮುಳುಗಿತು. ಅಣ್ಣ ಬೆಳಿಗ್ಗೆ ಎದ್ದು ಬದುವಿನ ಮೇಲೆ ನಿಂತು ಅದು ಕೊಳೆಯುವುದನ್ನು ಕಣ್ತುಂಬ ನೋಡುತ್ತಿದ್ದ. ತನ್ನ ಗದ್ದೆ ಹಾಳಾದದ್ದಕ್ಕೆ ಇಷ್ಟು ಹಿಗ್ಗಿದ ರೈತನನ್ನು ಊರು ಅದುವರೆಗೆ ಕಂಡಿರಲಿಲ್ಲ. ದಿಬ್ಬದ ಮೇಲೆ ಅಣ್ಣನ ಭತ್ತ ಒಣಗಿ ನಿಂತಿತ್ತು. ಅಲ್ಲಿ ತಮ್ಮ ಹಿಗ್ಗುತ್ತಿದ್ದ.

ಅಣ್ಣ ಕೊಳೆತ ಪೈರು ಹಿಡಿದು, ತಮ್ಮ ಒಣಗಿದ ಪೈರು ಹಿಡಿದು, ಗೌಡನ ಬಾಗಿಲಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಗೌಡ ಎರಡನ್ನೂ ನೋಡಿದ.

“ಸರಿ, ಇಬ್ಬರೂ ಗೆದ್ದಿರಿ. ಎಡೆಗೆ ಈಗ ಏನು ಬೇಯಿಸ್ತೀರಿ?” ಎಂದ.

ಅಣ್ಣನ ಮನೆಯಲ್ಲಿ ಒಂದು ಹಿಡಿ ಬೀಜವೂ ಇರಲಿಲ್ಲ. ಅಪ್ಪ ಇಟ್ಟುಹೋದದ್ದು ಒಂದೇ ಮಾತು, ಒಂದೇ ಭತ್ತ. ಎರಡನ್ನೂ ತನ್ನ ಕೈಯಾರೆ ನೀರಿಗೆ ಹಾಕಿದ್ದ. ಅವನು ಮನೆಗೆ ಹೋಗಿ ಮಗುವಿನ ಹಾಗೆ ಅತ್ತ.

ಆಮೇಲೆ ಅವನಿಗೆ ಒಂದು ನೆನಪಾಯಿತು. ಕೆರೆಯ ಆಚೆ ದಡದ ರೈತನೊಬ್ಬ ಹಿಂದೆ ತನ್ನಿಂದಲೇ ಬೀಜ ಒಯ್ದಿದ್ದ. ಆ ಸೀಮೆಯಲ್ಲಿ ಬೀಜ ಕೇಳಿ ಬಂದವರಿಗೆ ಇಲ್ಲ ಎನ್ನುವ ಪದ್ಧತಿಯಿಲ್ಲ. ಆದರೆ ಕೊಡುವ ಮುಂಚೆ ಕಾಡಿಸಬಾರದು ಎಂಬ ಪದ್ಧತಿಯೂ ಇಲ್ಲ.

“ಬುಟ್ಟಿ ತುಂಬ ಕೊಡ್ತೀನಿ ಮಾರಾಯ. ಆದರೆ ಇದು ನಿಮ್ಮಪ್ಪಂದಲ್ಲ ಅಂತ ನಿನ್ನ ತಮ್ಮ ಊರೆಲ್ಲ ಹೇಳ್ತಾನೆ. ಯಾರದೋ ಭತ್ತ ಕೊಟ್ಟು ನಿಮ್ಮಪ್ಪನ ಶಾಪ ನಾನ್ಯಾಕೆ ಕಟ್ಕೊಳ್ಳಲಿ?” ಎಂದ ಆ ರೈತ.

“ಅಪ್ಪಂದೇ ಇದು! ನೀರಲ್ಲಿ ನಿಂತೂ ನಿಂತೂ ಉದ್ದ ಆಗಿದೆ, ಅಷ್ಟೇ” ಎಂದು ಅಣ್ಣ ಕೂಗಿದ.

ಕೂಗಿದವನು ಬಾಯಿ ತೆರೆದಂತೆಯೇ ನಿಂತ. ನೀರಿನಲ್ಲಿ ನಿಂತದ್ದು ಉದ್ದವಾದರೆ, ಬಿಸಿಲಿನಲ್ಲಿ ನಿಂತದ್ದು ಗಿಡ್ಡವಾಗದೆ ಇನ್ನೇನಾಗುತ್ತದೆ ಎಂಬ ಯೋಚನೆ ಅವನ ತಲೆಗೆ ಹೊಕ್ಕಿತು. ಇಷ್ಟು ಸಣ್ಣ ಯೋಚನೆಗೆ ಒಂದು ವರ್ಷದ ಬೆಳೆ ತೆರಬೇಕಾಯಿತೇ ಎಂದು ಅವನಿಗೆ ನಾಚಿಕೆಯಾಯಿತು. ಬುಟ್ಟಿ ಹೊತ್ತು ತಮ್ಮನಿಗೆ ಇದನ್ನು ಹೇಳಲು ನೇರ ದಿಬ್ಬ ಹತ್ತಿದ. ಅರ್ಧ ದಾರಿಯಲ್ಲಿ ತಮ್ಮ ಎದುರಾದ. ಅವನೂ ತನ್ನಿಂದ ಬೀಜ ಒಯ್ದವರೊಬ್ಬರನ್ನು ಹುಡುಕಿ, ತಲೆಯ ಮೇಲೆ ಬುಟ್ಟಿ ಹೊತ್ತು ಅಣ್ಣನ ಮನೆಯ ಕಡೆಗೇ ಇಳಿದು ಬರುತ್ತಿದ್ದ. ಇಬ್ಬರೂ ಬೆವರು ಒರೆಸಿಕೊಂಡರು. ಈ ಸಲ ಬಿಸಿಲು ಜಾಸ್ತಿ ಎಂದು ಮಾತಾಡಿಕೊಂಡರು.

ಮುಂದಿನ ವರ್ಷ ಇಬ್ಬರಿಗೂ ಬೆಳೆ ಬಂತು. ಹಬ್ಬದ ದಿನ ಅಣ್ಣನಿಗೆ ಪ್ರೀತಿ ಉಕ್ಕಿ, ಎರಡು ಅಕ್ಕಿಯನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸು ಎಂದು ಹೆಂಡತಿಗೆ ಹೇಳಿದ. ಬಿಳಿಯದು ಮುದ್ದೆಯಾಯಿತು, ಕೆಂಪಿನದು ಅರೆಬೆಂದು ಹಲ್ಲಿಗೆ ಕಲ್ಲಾಯಿತು. ಮಾವ ಇದ್ದಿದ್ದರೆ ಎಲೆ ಎತ್ತಿ ಅಂಗಳಕ್ಕೆ ಎಸೆಯುತ್ತಿದ್ದರು ಎಂದು ಅವಳು ಅದನ್ನು ಎಮ್ಮೆಗೆ ಹಾಕಿದಳು. ಎರಡು ಪಾತ್ರೆಯಲ್ಲಿ ಬೇರೆ ಬೇರೆ ಬೇಯಿಸಿ ಒಂದೇ ಎಲೆಗೆ ಬಡಿಸಿದಳು.

ಗುರುಗಳು ಕತೆ ಮುಗಿಸಿ ಕಾಲು ಮಡಿಚಿದರು. ತಿಪ್ಪಯ್ಯ ಬಹಳ ಹೊತ್ತು ನಕ್ಕ. ನಕ್ಕು ಮುಗಿದ ಮೇಲೆ ಅವನ ಹೆದರಿಕೆ ಮತ್ತೆ ಬಂತು.

“ಹಾಗಾದರೆ ಗುರುಗಳೇ, ಎರಡೂ ನಿಮ್ಮ ಮಾತೇ. ಅವುಗಳಲ್ಲಿ ನಾನು ಯಾವುದನ್ನು ಒಯ್ಯಲಿ?”

“ನೀನು ಎಂಥ ಗದ್ದೆ, ಅದನ್ನು ಮೊದಲು ಹೇಳು” ಎಂದರು ಗುರುಗಳು.