ಇಲ್ಲದ ಮೂರು ತಿಂಗಳು

“ಆರು ತಿಂಗಳ ಕೂಸನ್ನು ಎತ್ತಿಕೊಂಡು ಒಬ್ಬ ತಾಯಿ ಬರುತ್ತಾಳೆ. ನಾಳೆ ಊರು ಬಿಡುತ್ತೇವೆ, ದಡಾರದ ಲಸಿಕೆಯನ್ನು ಇವತ್ತೇ ಹಾಕಿ ಎನ್ನುತ್ತಾಳೆ. ಒಂಬತ್ತು ತಿಂಗಳು ತುಂಬಲಿ ಎಂದು ಅವಳನ್ನು ಹೇಗೆ ಕಳಿಸುವುದು, ಗುರುಗಳೇ?”

ದಾದಿಯರಿಗೆ ಪಾಠ ಹೇಳುತ್ತಿದ್ದ ಹಿರಿಯ ಗುರುವನ್ನು ಶಿಷ್ಯೆಯೊಬ್ಬಳು ಹೀಗೆ ಕೇಳಿದಳು. ಮರುವಾರ ಅವಳು ಹಳ್ಳಿಯೊಂದರಲ್ಲಿ ಕೆಲಸಕ್ಕೆ ಸೇರುವವಳಿದ್ದಳು.

ಗುರುಗಳು ಈ ಕತೆ ಹೇಳಿದರು.

ಒಬ್ಬ ಕುರಿಗಾರನಿದ್ದ. ದೀಪಾವಳಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ದೂರದ ಸೀಮೆಗೆ ಹೋಗುತ್ತಿದ್ದ. ಮುಂಗಾರು ಬೀಳುವ ಹೊತ್ತಿಗೆ ಊರಿಗೆ ಮರಳುತ್ತಿದ್ದ. ಹೆಂಡತಿಯೂ ಜೊತೆಗಿರುತ್ತಿದ್ದಳು. ಮದುವೆಯಾಗಿ ಎಂಟು ವರ್ಷದ ಮೇಲೆ ಅವರಿಗೊಂದು ಹೆಣ್ಣುಕೂಸು ಹುಟ್ಟಿತು. ಹುಟ್ಟಿದ್ದು ಮೇ ತಿಂಗಳಲ್ಲಿ, ಊರಿಗೆ ಮರಳುವ ದಾರಿಯಲ್ಲಿ, ಯಾರದೋ ಹೊಲದ ಬದುವಿನ ಮೇಲೆ. ಮಾಳವ್ವ ಎಂದು ಹೆಸರಿಟ್ಟರು. ಹುಟ್ಟಿದ ದಿನವನ್ನು ಯಾರೂ ಬರೆದಿಡಲಿಲ್ಲ. ಊರು ಸೇರಿದ ಮೇಲೂ ಅವರ ಹಟ್ಟಿ ಇದ್ದದ್ದು ಗುಡ್ಡದ ಮೇಲೆ. ಲಸಿಕೆ ಹಾಕುವ ದಿನಗಳಲ್ಲಿ ಅವರು ಕೆಳಗಿಳಿದು ಬಂದಿರಲಿಲ್ಲ.

ಆ ವರ್ಷ ಹೊರಡುವ ಹಿಂದಿನ ದಿನ ಗಂಡ ಹೆಂಡತಿ ಇಬ್ಬರೂ ಕೂಸನ್ನು ಎತ್ತಿಕೊಂಡು ಊರಿನ ದಾದಿಯ ಬಳಿಗೆ ಬಂದರು. ಅವರು ಹೋಗುವ ಸೀಮೆಯಲ್ಲಿ ದಡಾರ ಎದ್ದಿದೆ ಎಂಬ ಸುದ್ದಿ ಬಂದಿತ್ತು. ತಾಯಿಗೆ ಆ ಹೆಸರು ಕೇಳಿದರೇ ನಡುಕ. ಚಿಕ್ಕವಳಿದ್ದಾಗ ಅವಳಿಗೆ ದಡಾರ ಬಂದು, ಇಪ್ಪತ್ತು ದಿನ ಮಲಗಿ, ಹೇಗೋ ಬದುಕಿ ಉಳಿದಿದ್ದಳು.

ದಾದಿ ಒಳ್ಳೆಯವಳು. ಉಳಿದ ಲಸಿಕೆಗಳನ್ನು ಹಾಕಿದಳು. ದಡಾರದ್ದಕ್ಕೆ ಮಾತ್ರ ಒಂಬತ್ತು ತಿಂಗಳು ತುಂಬಬೇಕು ಎಂದಳು. ತಾಯಿ ಅತ್ತಳು. ದಾದಿ ಕೂಸಿನ ಮುಖ ನೋಡಿದಳು. ಆಮೇಲೆ ಹೊಸ ಕಾರ್ಡು ತೆಗೆದು, ಹುಟ್ಟಿದ್ದು ಫೆಬ್ರವರಿಯಲ್ಲಿ ಎಂದು ಬರೆದಳು.

“ನಿನ್ನ ಮಗಳು ಒಂದ ಗಳಿಗ್ಯಾಗ ಮೂರು ತಿಂಗಳು ಬೆಳದ್ಲು ನೋಡವ್ವಾ,” ಎಂದು ನಕ್ಕಳು. “ಯಾರು ಕೇಳಿದ್ರೂ ಫೆಬ್ರವರಿ ಅನ್ನು. ಇಲ್ಲಂದ್ರ ನನ್ನ ಕೆಲಸ ಹೋಗತೈತಿ.”

ಅಲ್ಲಿಯವರೆಗೆ ಸುಮ್ಮನೆ ನಿಂತಿದ್ದ ಕುರಿಗಾರ ಬಾಯಿ ಬಿಟ್ಟ. “ಅಕ್ಕಾರ, ಒಂದ್ ಮಾತು ಕೇಳ್ತೀನ್ರಿ. ಮರಿಗೆ ನಾಕು ತಿಂಗಳು ತುಂಬೂತನ ಸೂಜಿ ಹಾಕಬ್ಯಾಡ ಅಂತಾರ ದನದ ಡಾಕ್ಟ್ರು. ತಾಯಿ ಕಸುವು ಮೈಯಾಗ ಇರೂತನ ಅದು ಹಿಡಿಯಂಗಿಲ್ಲಂತ. ಕೂಸಿಗೂ ಹಂಗ ಇರಬಹುದೇನ್ರಿ?”

“ನಿನ್ನ ಮಗಳೇನ್ ಟಗರ ಮರಿ ಏನಪ್ಪಾ?” ಎಂದಳು ದಾದಿ.

“ಇವರಿಗೆ ಎಲ್ಲಾರೂ ಕುರೀನರಿ ಅಕ್ಕಾರ,” ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತಾ. “ಒಮ್ಮೊಮ್ಮೆ ನನಗೂ ಹುರ್ರಾ ಅಂತಾರ.”

ಮೂವರೂ ನಕ್ಕರು. ದಾದಿ ಸೂಜಿ ಚುಚ್ಚಿದಳು. ಕೂಸು ಅತ್ತಿತು. ಕಾರ್ಡಿನಲ್ಲಿ ದಡಾರದ ಲಸಿಕೆಯ ಮುಂದೆ, ಆಯಿತು ಎಂದು ಗುರುತು ಬಿತ್ತು.

ಕುರಿಗಾರ ಹೇಳಿದ್ದು ನಿಜವಾಗಿತ್ತು. ದಡಾರವನ್ನು ಗೆದ್ದ ತಾಯಿ ಹೊಟ್ಟೆಯಲ್ಲಿರುವ ಕೂಸಿಗೆ ತನ್ನ ರಕ್ತದ ಪ್ರತಿಕಾಯಗಳನ್ನು ಕೊಟ್ಟಿರುತ್ತಾಳೆ. ಹುಟ್ಟಿದ ಮೇಲೆ ಕೆಲವು ತಿಂಗಳು ಅವು ಕೂಸನ್ನು ಕಾಯುತ್ತವೆ. ಲಸಿಕೆ ಎಂದರೆ ಬಲಗುಂದಿಸಿದ, ಆದರೆ ಜೀವವಿರುವ ದಡಾರದ ಕ್ರಿಮಿ. ಅದು ಮೈಯೊಳಗೆ ಸ್ವಲ್ಪ ಬೆಳೆದರೆ ಮಾತ್ರ ಕೂಸಿನ ರಕ್ತ ಅದನ್ನು ಗುರುತಿಸಲು ಕಲಿಯುತ್ತದೆ. ತಾಯಿಯ ಪ್ರತಿಕಾಯಗಳು ಇದು ರೋಗ, ಇದು ಲಸಿಕೆ ಎಂದು ಬೇರೆ ಮಾಡಿ ನೋಡುವುದಿಲ್ಲ. ಎರಡನ್ನೂ ಒಂದೇ ರೀತಿ ಕೊಲ್ಲುತ್ತವೆ. ಆರು ತಿಂಗಳಿಗೆ ಹಾಕಿದ ಲಸಿಕೆ ಕೆಲವು ಮಕ್ಕಳಿಗೆ ಹಿಡಿಯುತ್ತದೆ, ಕೆಲವರಿಗೆ ಹಿಡಿಯುವುದಿಲ್ಲ. ಮಾಳವ್ವನ ತಾಯಿ ಬಹಳ ಕೊಟ್ಟಿದ್ದಳು. ಮಗಳಿಗೆ ಲಸಿಕೆ ಹಿಡಿಯಲಿಲ್ಲ. ಇದು ಹೊರಗಿನಿಂದ ನೋಡಿದರೆ ತಿಳಿಯುವ ವಿಷಯವಲ್ಲ. ತೋಳಿನ ಮೇಲೆ ಚುಚ್ಚಿದ ಗುರುತು ಎಲ್ಲರಿಗೂ ಒಂದೇ ಥರ ಇರುತ್ತದೆ.

ಹಿಂಡು ಹೊರಟಿತು. ಕೂಸು ಕುದುರೆಯ ಮೇಲಿನ ಹೇರಿನ ನಡುವೆ, ಎಳೆಯ ಮರಿಗಳ ಜೊತೆ ಕೂತು ಹೋಯಿತು. ಚಳಿಗಾಲ ಕಳೆಯಿತು. ಅದಕ್ಕೆ ಎರಡು ಹಲ್ಲು ಬಂದವು. ತಾಯಿ ಕೊಟ್ಟ ಪ್ರತಿಕಾಯಗಳು ದಿನದಿಂದ ದಿನಕ್ಕೆ ಸವೆದು ಮುಗಿದವು.

ಶಿವರಾತ್ರಿಯ ಹೊತ್ತಿಗೆ ಅವರು ಬೀಡುಬಿಟ್ಟ ಹಳ್ಳಿಯಲ್ಲಿ ದಡಾರ ಕಾಣಿಸಿಕೊಂಡಿತು. ಆ ಊರಿನ ದಾದಿ ಹೊಲ ಹೊಲ ತಿರುಗಿ ಲಸಿಕೆ ಹಾಕುತ್ತಾ ಇವರ ಬೀಡಿಗೂ ಬಂದಳು. ಮಾಳವ್ವನಿಗೆ ಆಗ ಒಂಬತ್ತು ತಿಂಗಳು ತುಂಬಿತ್ತು. ಸರಿಯಾದ ಸಮಯ ಅದೇ. ಆ ದಾದಿ ಕಾರ್ಡು ಬಿಡಿಸಿ ನೋಡಿದಳು.

“ಇದಕ್ಕೆ ಆಗಿದೆಯಲ್ಲಮ್ಮಾ. ಎರಡನೆಯದಕ್ಕೆ ಇನ್ನೂ ಮೂರು ತಿಂಗಳಿದೆ.”

“ಇನ್ನೊಮ್ಮಿ ಹಾಕ್ರಲ್ಲ. ಏನಾಕೈತಿ?”

“ಹಾಕಿಸಿಕೊಳ್ಳದೇ ಇರೋ ಮಕ್ಕಳಿಗೇ ಸಾಲೋದಿಲ್ಲ ಕಣಮ್ಮಾ. ನಿನ್ನ ಮಗು ಪುಣ್ಯವಂತೆ, ಬಿಡು.”

ತಾಯಿ ಬಾಯಿ ತೆರೆದಳು. ಹುಟ್ಟಿದ್ದು ಮೇ ತಿಂಗಳಲ್ಲಿ ಎಂದು ಹೇಳಬೇಕೆಂದಿದ್ದಳು. ಹೇಳಿದರೆ ಊರಿನ ಅಕ್ಕನ ಕೆಲಸಕ್ಕೆ ಕುತ್ತು ಎಂದು ನೆನಪಾಯಿತು. ತನ್ನ ಕಣ್ಣೀರು ನೋಡಿ ಕರಗಿದವಳಿಗೆ ಕೇಡು ಬಗೆಯಬಾರದು ಎಂದು ಬಾಯಿ ಮುಚ್ಚಿದಳು. ಕಾರ್ಡಿಲ್ಲದ ಮೂರು ಕೂಸುಗಳಿಗೆ ಆ ದಿನ ಅದೇ ಬೀಡಿನಲ್ಲಿ ಲಸಿಕೆ ಸಿಕ್ಕಿತು.

ಎರಡು ವಾರದ ಮೇಲೆ ಮಾಳವ್ವನಿಗೆ ಜ್ವರ ಬಂತು. ಕಣ್ಣು ಕೆಂಪಾಯಿತು. ಮೈತುಂಬ ಸಣ್ಣ ಗುಳ್ಳೆ ಎದ್ದವು. ಹತ್ತಿರದ ವೈದ್ಯನೊಬ್ಬ ಕಾರ್ಡು ನೋಡಿ, ಲಸಿಕೆ ಆದವರಿಗೆ ದಡಾರ ಬರುವುದಿಲ್ಲ, ಇದು ಬಿಸಿಲಿನ ಗುಳ್ಳೆ ಎಂದ. ಹಾಗೆ ಮೂರು ದಿನ ಹೋದವು. ಕಫ ಎದೆಗಿಳಿಯಿತು. ದೊಡ್ಡ ಆಸ್ಪತ್ರೆಗೆ ಒಯ್ದರು. ಅಲ್ಲಿ ಕೂಸು ಒಂದು ದಿನ ಇತ್ತು. ಮಣ್ಣು ಮಾಡಲು ಅವರಿಗೆ ಆ ಸೀಮೆಯಲ್ಲಿ ಸ್ವಂತ ನೆಲವಿರಲಿಲ್ಲ. ಹಿಂಡು ನಿಲ್ಲಿಸಿದ್ದ ಹೊಲದ ಒಡೆಯ ಒಂದು ಮೂಲೆ ಬಿಟ್ಟುಕೊಟ್ಟ.

ಮುಂಗಾರು ಬಿದ್ದಾಗ ಹಿಂಡು ಊರಿಗೆ ಬಂತು. ದಾದಿ ತಾನೇ ಎದ್ದು ಗುಡ್ಡ ಹತ್ತಿ ಹೋದಳು. ಕೂಸು ಈಗ ನಡೆಯುತ್ತಿರಬಹುದು ಎಂದುಕೊಂಡಿದ್ದಳು. ಕುರಿಗಾರ ಅವಳನ್ನು ನೋಡಿ ಕಂಬಳಿ ಹಾಸಿದ. ಕೂತುಕೊಳ್ಳಿರಿ ಎಂದ. ಮರಿಗಳ ಕಡೆ ಹೋದ. ತನ್ನ ಮಾತು ನಿಜವಾಯಿತು ಎಂದು ಅವನು ಅಂದೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.

ಹೆಂಡತಿ ನೀರು ತಂದುಕೊಟ್ಟಳು. ನಡೆದದ್ದನ್ನೆಲ್ಲ ಹೇಳಿದಳು. “ನಿಮ್ಮ ಹೆಸರು ಎಲ್ಲೂ ತಗೀಲಿಲ್ರಿ ನಾ,” ಎಂದಳು. ಆಮೇಲೆ ದಾದಿಯನ್ನು ಕೇಳಿದಳು:

“ಅಕ್ಕಾರ, ಹದಿಮೂರು ತಿಂಗಳ ಕೂಸು ತೀರಿಕೊಂಡೈತಿ ಅಂತ ದವಾಖಾನ್ಯಾಗ ಬರದು ಕೊಟ್ರು. ನನ್ನ ಕಡೆ ಹತ್ತ ತಿಂಗಳ ಇದ್ಲರಿ. ಉಳಿದ ಮೂರು ತಿಂಗಳು ಆಕಿ ಎಲ್ಲಿದ್ಲು?”

ಕೇಳಿದ್ದರಲ್ಲಿ ಸಿಟ್ಟಿರಲಿಲ್ಲ. ಓದಿದವಳಿಗೆ ಗೊತ್ತಿರಬಹುದು ಎಂದು ಕೇಳಿದಳು. ಮತ್ತು ಉತ್ತರಕ್ಕಾಗಿ ಕಾದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯೆ ಕೇಳಿದಳು. “ಹಾಗಾದರೆ ಆ ದಿನ ದಾದಿ ಲಸಿಕೆ ಕೊಡಬಾರದಿತ್ತೇ?”

“ಕೊಡಬೇಕಿತ್ತು. ಕೊಟ್ಟು, ಇದು ಲೆಕ್ಕಕ್ಕಿಲ್ಲ, ಒಂಬತ್ತು ತಿಂಗಳಿಗೆ ಮೊದಲನೆಯದನ್ನು ಹಾಕಿ ಎಂದು ತಿಳಿಯುವಂತೆ, ಕಾರ್ಡಿನಲ್ಲಿ ಸೊನ್ನೆ ಎಂದು ಬರೆಯಬೇಕಿತ್ತು.”