ಮುತ್ತೈದೆಗಡದ ನಿಂಬೆವ್ವ

ನಿಂಬೆವ್ವನ ಕೈಲಿ ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವಳು ಅವಳ ಅತ್ತೆ. ಅತ್ತೆ ಆ ಮಾತನ್ನು ಎಲ್ಲಿ ನಿಂತು ಹೇಳಿದಳು ಎಂಬುದನ್ನು ಮುತ್ತೈದೆಗಡದ ಜನ ಇಂದಿಗೂ ಬೆರಳು ಮಾಡಿ ತೋರಿಸುತ್ತಾರೆ. ಬಸ್ಸು ಇಳಿದು, ಬೇವಿನ ಮರಗಳ ಕೆಳಗಿನ ಚಹದಂಗಡಿ ದಾಟಿ, ತೊಗರಿ ಹೊಲಗಳ ನಡುವಿನ ದಾರಿ ಹಿಡಿದರೆ ಗುಂಡುಗಲ್ಲುಗಳ ಗುಡ್ಡ ಎದುರಾಗುತ್ತದೆ. ಗುಡ್ಡಕ್ಕೆ ಸುತ್ತಿಕೊಂಡಂತೆ ಕೋಟೆ. ಒಂದರ ಮೇಲೊಂದು ಮೂರು ಬಾಗಿಲು. ಕೊನೆಯ ಬಾಗಿಲಿನ ನೆತ್ತಿಯ ಮೇಲೆ ಕಲ್ಲಿನ ಜಾಲಂಧ್ರವಿರುವ ಒಂದು ಕಿರಿಕಿಟಕಿ ಇದೆ, ಪಾರಿವಾಳಗಳು ಗೂಡು ಕಟ್ಟಿಕೊಂಡಿವೆ. ಒಳಗೆ ಅರಮನೆಯದು ಒಂದು ಗೋಡೆ ಉಳಿದಿದೆ, ಆನೆಲಾಯದ ಕಂಬಗಳು ಉಳಿದಿವೆ. ಸರಕಾರದವರು ನಿಲ್ಲಿಸಿದ ಹಲಗೆಯಲ್ಲಿ ಗೋಡೆಯ ಉದ್ದ, ಬುರುಜಿನ ಎತ್ತರ ಎಲ್ಲವೂ ಇದೆ. ರಜಪೂತರು ಆಳಿದ ಕೋಟೆಗೆ ಮುತ್ತೈದೆ ಎಂಬ ಕನ್ನಡದ ಹೆಸರು ಏಕೆ ಬಂತು ಎಂಬುದು ಮಾತ್ರ ಇಲ್ಲ. ಅದನ್ನು ಊರಿನ ಹೆಂಗಸರನ್ನೇ ಕೇಳಬೇಕು.

ಹಿಂದೊಮ್ಮೆ ಈ ಕೋಟೆಗೆ ಧವಲಗಡ ಎಂದು ಹೆಸರಿತ್ತು. ಬಡಗಣ ಮರಳುನಾಡಿನಿಂದ ಬಾದಶಾಹನ ದಂಡಿನೊಡನೆ ಬಂದ ಧವಲೋತ ಎಂಬ ರಜಪೂತ ಮನೆತನಕ್ಕೆ ಈ ಗುಡ್ಡ ಸೇವೆಯ ಉಂಬಳಿಯಾಗಿ ಸಿಕ್ಕಿತಂತೆ. ಅವರು ತಮ್ಮ ದೇವಿಯನ್ನು ತಂದರು, ತಮ್ಮ ಭಾಷೆಯನ್ನು ಉಳಿಸಿಕೊಂಡರು, ಹೆಂಗಸರನ್ನು ಪರದೆಯಲ್ಲಿಟ್ಟರು. ಆದರೆ ಗುಡ್ಡದ ಮೇಲೆ ಕಲ್ಲಲ್ಲದೆ ಮತ್ತೇನೂ ಬೆಳೆಯುವುದಿಲ್ಲ. ಜೋಳ, ಹಾಲು, ಕುದುರೆಯ ಹುಲ್ಲು ಎಲ್ಲವೂ ಕೆಳಗಿನ ಎರೆನೆಲದಿಂದಲೇ ಏರಬೇಕು. ಆ ನೆಲ ಜಡೆಪ್ಪನಾಯಕನದು. ಒಂದು ವರ್ಷ ಮೇಲಿನವರಿಗೂ ಕೆಳಗಿನವರಿಗೂ ಮನಸ್ತಾಪ ಬಂದು ನಾಯಕ ಕಾಳಿನ ಬಂಡಿಗಳನ್ನು ತಡೆದ. ಕೋಟೆಯ ಒಲೆಗಳು ತಣ್ಣಗಾದ ಮೇಲೆ ಹಿರಿಯರು ಕೂತು ಸಂಧಾನ ಮಾಡಿದರು: ನಾಯಕನ ಮಗಳು ನಿಂಬೆವ್ವನನ್ನು ಧವಲೋತರ ಮನೆಗೆ ತಂದುಕೊಳ್ಳುವುದು. ತರುವುದೇನೋ ಸರಿ. ಆದರೆ ಕೋಟೆಯ ಒಡೆಯ ಕೆಳಗಿಳಿದು, ನಾಯಕನ ಹಂದರದಲ್ಲಿ ತಲೆತಗ್ಗಿಸಿ ಕೂತು ತಾಳಿ ಕಟ್ಟುವುದೆಂದರೇನು? ಅವರ ನಾಡಿನಲ್ಲಿ ಅದಕ್ಕೊಂದು ದಾರಿ ಇತ್ತು. ವರನ ಬದಲು ವರನ ಕತ್ತಿಯನ್ನು ಕಳಿಸುವುದು. ಒಡೆಯ ಅಜಬಸಿಂಗ ಆಗ ದೂರದ ಯುದ್ಧದಲ್ಲಿದ್ದ ಎಂಬ ನೆಪವೂ ಇತ್ತು.

ಕತ್ತಿಯನ್ನು ಪಲ್ಲಕ್ಕಿಯಲ್ಲಿ ಕೂರಿಸಿ ತಂದವನು ಅಜಬಸಿಂಗನ ಚಿಕ್ಕಪ್ಪ ದಲಪತಸಿಂಗ. ನಾಯಕ ಪಲ್ಲಕ್ಕಿಯೊಳಗೆ ಬಗ್ಗಿ ನೋಡಿ, "ಅಳಿಯ ಎಲ್ಲಿ?" ಎಂದ. "ಇವನೇ ಅಳಿಯ," ಎಂದ ದಲಪತಸಿಂಗ, ಹಂದರಕ್ಕೆಲ್ಲ ಕೇಳುವಂತೆ. "ನಮ್ಮಲ್ಲಿ ಕತ್ತಿ ಬೇರೆ ಗಂಡಸು ಬೇರೆ ಅಲ್ಲ. ಕತ್ತಿಯನ್ನು ಮದುವೆಯಾದ ಮೇಲೆ ಇನ್ನೊಬ್ಬ ಗಂಡನನ್ನು ಹುಡುಕುವುದು ನಮ್ಮ ಮನೆತನಕ್ಕೆ ಅವಮಾನ." ಆಗ ಮೂಲೆಯಲ್ಲಿ ಕೂತಿದ್ದ ನಿಂಬೆವ್ವನ ಸೋದರತ್ತೆ, "ಅಳಿಯ ಭಾಳ ತೆಳ್ಳಗದಾನ, ಉಣ್ಣಾಕ ಹಾಕ್ರೇ," ಎಂದಳಂತೆ. ನಗಬಾರದ ಹೊತ್ತಿನಲ್ಲಿ ಎಲ್ಲರೂ ನಕ್ಕರು. ನಿಂಬೆವ್ವ ನಗಲಿಲ್ಲ. ಪಲ್ಲಕ್ಕಿಯಿಂದ ಎತ್ತಿದ ಕತ್ತಿಯ ಜೊತೆ ಅಗ್ನಿಯನ್ನು ಸುತ್ತಿದಳು, ಅದಕ್ಕೆ ಮುಟ್ಟಿಸಿದ ತಾಳಿಯನ್ನು ಕಟ್ಟಿಸಿಕೊಂಡಳು. ತಣ್ಣಗಿನ ಹಿಡಿಯನ್ನು ಹಿಡಿದು ಏಳು ಹೆಜ್ಜೆ ನಡೆಯುವಾಗ ಅವಳಿಗೆ ಆದ ಅವಮಾನವನ್ನು ಅವಳು ಯಾರೆದುರೂ ಆಡಲಿಲ್ಲ.

ಕೋಟೆಯವರದು ಇನ್ನೊಂದು ಕಟ್ಟಳೆ ಇತ್ತು. ಕತ್ತಿಯನ್ನು ವರಿಸಿದ ಹೆಣ್ಣು ಗುಡ್ಡದ ಬುಡದಿಂದ ಕೊನೆಯ ಬಾಗಿಲಿನ ತನಕ ಅದನ್ನು ತಾನೇ ತರಬೇಕು, ಅದರ ಮೊನೆ ನೆಲಕ್ಕೆ ತಾಗಬಾರದು, ಇನ್ನೊಬ್ಬರ ಕೈಗೆ ಕೊಡಬಾರದು. ಅದು ಆಟದ ಕತ್ತಿಯಲ್ಲ, ದಂಡಿನ ಆಳಿಗೂ ತೋಳು ಸೋಲಿಸುವಂಥದು. ಕಿರಿಕಿಟಕಿಯ ಹಿಂದೆ ಅಜಬಸಿಂಗನ ತಾಯಿ ನಿಂತಿದ್ದಳು. ಕೋಟೆಯವರೆಲ್ಲ ಅವಳನ್ನು ಮಾಜೀಸಾ ಎನ್ನುತ್ತಿದ್ದರು. "ಈ ಬಾಗಿಲು ಇವಳು ಮುಟ್ಟುವುದಿಲ್ಲ," ಎಂದಳು ಮಾಜೀಸಾ. "ಮೊಸರಿನ ಗಡಿಗೆ ಹೊತ್ತು ಬೆಳೆದವಳು, ಕತ್ತಿ ಏನು ಹೊತ್ತಾಳು?" ಕೆಳಗೆ ಮೊದಲ ತಿರುವಿನಲ್ಲೇ ನಿಂಬೆವ್ವನ ತೋಳು ನಡುಗತೊಡಗಿತ್ತು. ಅವಳು ನಿಂತಳು. ಸೆರಗನ್ನು ಸುತ್ತಿ ಸಿಂಬೆ ಮಾಡಿದಳು, ತಲೆಯ ಮೇಲಿಟ್ಟಳು, ಸಿಂಬೆಯ ಮೇಲೆ ಕತ್ತಿಯನ್ನು ಅಡ್ಡಲಾಗಿ ಮಲಗಿಸಿದಳು. ಆಮೇಲೆ ಎರಡೂ ಕೈ ಬೀಸಿಕೊಂಡು, ಹಾದಿಯಲ್ಲಿ ಸಿಕ್ಕ ಆಡುಮರಿಯನ್ನು ಪಕ್ಕಕ್ಕೆ ಸರಿಸುತ್ತ, ನೀರು ತರುವವಳ ಹಾಗೆ ಏರಿ ಬಂದಳು. ಹಿರಿಯರು ಕಟ್ಟಳೆಯ ಮಾತುಗಳನ್ನು ಮತ್ತೆ ಎಣಿಸಿ ನೋಡಿದರು. ತಲೆಯ ಮೇಲೆ ಹೊರಬಾರದು ಎಂದು ಕಟ್ಟಳೆಯಲ್ಲಿ ಎಲ್ಲಿಯೂ ಇರಲಿಲ್ಲ. ಜಾಲಂಧ್ರದ ಹಿಂದಿನಿಂದ ತಡೆದರೂ ತಡೆಯಲಾರದ ಒಂದು ನಗೆ ಕೇಳಿಸಿತು ಎನ್ನುತ್ತಾರೆ.

ನಕ್ಕಳೆಂದು ಮಾಜೀಸಾ ಸೊಸೆಯನ್ನು ಒಪ್ಪಿಕೊಂಡಳೆಂದಲ್ಲ. ಅವಳು ಹಟದವಳು. ಗಂಡ ಯುದ್ಧದಲ್ಲಿ ಸತ್ತಾಗ ಹೊಟ್ಟೆಯಲ್ಲಿ ಅಜಬಸಿಂಗನಿದ್ದ ಕಾರಣಕ್ಕೆ ಚಿತೆ ಏರದೆ ಉಳಿದವಳು. ಉಳಿದದ್ದನ್ನು ಮನೆತನ ಒಂದು ದಿನವೂ ಮರೆಯಗೊಟ್ಟಿರಲಿಲ್ಲ. ಬಿಳಿ ಸೀರೆ, ಒಪ್ಪೊತ್ತು ಊಟ, ಮೂಲೆಯ ಕೋಣೆ. ಆ ಕೋಣೆಯ ಹೊಸ್ತಿಲಲ್ಲಿ ಕೂತೇ ಅವಳು ನಿಂಬೆವ್ವನ ರೊಟ್ಟಿಯಲ್ಲಿ ತಪ್ಪು ಹುಡುಕಿದಳು, ಅವಳು ಸೆರಗು ಹೊದ್ದ ರೀತಿಯಲ್ಲಿ ತಪ್ಪು ಹುಡುಕಿದಳು. ನಿಂಬೆವ್ವ ಎದುರಾಡಲಿಲ್ಲ, ತಿದ್ದಿಕೊಳ್ಳಲೂ ಇಲ್ಲ. ಬಿಡುವಾದಾಗ ಅತ್ತೆಯ ಕಾಲ ಬಳಿ ಕೂತು ತನ್ನ ಗಂಡನಿಗೆ, ಅಂದರೆ ಕತ್ತಿಗೆ, ಎಣ್ಣೆ ಹಚ್ಚಿ ಒರೆಸುವಳು. ಹೀಗೆ ಕೂತು ಕೂತು ಅತ್ತೆಗೆ ಕನ್ನಡ ಬಂತು, ಸೊಸೆಗೆ ಮರಳುನಾಡಿನ ಹಾಡುಗಳು ಬಂದವು. ಯಾವ ದಿನದಿಂದ ಮಾಜೀಸಾ ರೊಟ್ಟಿಯ ತಪ್ಪು ಹೇಳುವುದನ್ನು ಬಿಟ್ಟು ಎರಡನೆಯ ರೊಟ್ಟಿ ಕೇಳತೊಡಗಿದಳೋ ಇಬ್ಬರಿಗೂ ತಿಳಿಯಲಿಲ್ಲ.

ಅಜಬಸಿಂಗ ಬಂದದ್ದು ಒಂದು ಮಳೆಗಾಲಕ್ಕೆ. ಹೊಳೆಗಳು ತುಂಬಿ ದಂಡು ನಿಂತಿದ್ದರಿಂದ ಮನೆಗೆ ಬರಲು ಬಿಡುವು ಸಿಕ್ಕಿತ್ತು. ತಾನು ಮದುವೆಗೆ ಬರಲಿಲ್ಲವೆಂಬ ನಾಚಿಕೆ ಅವನಿಗೆ ಇತ್ತು; ಬಾಗಿಲಲ್ಲೇ ನಿಂತು, ಕಲಿತ ಅರೆಬರೆ ಕನ್ನಡದಲ್ಲಿ, "ಕತ್ತಿಯ ಜೊತೆ ಸಂಸಾರ ಹೇಗಿತ್ತು?" ಎಂದು ಕೇಳಿದ. "ಚಲೋ ಇತ್ತು," ಎಂದಳು ನಿಂಬೆವ್ವ. "ಮಾತು ಕಡಿಮಿ. ಗೊರಕಿ ಇಲ್ಲ." ಅವನು ನಕ್ಕ ನಗೆಗೆ ಮೂಲೆಯ ಕೋಣೆಯಲ್ಲಿ ಮಾಜೀಸಾಳ ಜಪಮಾಲೆ ನಿಂತಿತು. ಆ ಮಳೆಗಾಲವಿಡೀ ಅವನು ಬುರುಜಿನ ಮೇಲೆ ಅವಳ ಪಕ್ಕದಲ್ಲಿ ಕೂತು, ಕೆಳಗಿನ ಒಂದೊಂದು ಹೊಲದ ಹೆಸರನ್ನೂ ಕೇಳಿ ಕಲಿತ. ಮಳೆ ನಿಂತು ಕರೆ ಬಂದಾಗ ನಿಂಬೆವ್ವ ಆ ಕತ್ತಿಯನ್ನು ತಂದು ಅವನ ಕೈಗೆ ಕೊಡಹೋದಳು. ಅವನು ತೆಗೆದುಕೊಳ್ಳಲಿಲ್ಲ. "ಅದು ನಿನ್ನ ಗಂಡ," ಎಂದ. "ನಾನು ಹೋದರೂ ಮನೆಯಲ್ಲಿ ಒಬ್ಬ ಇರಲಿ."

ಮುಂದಿನ ಸುಗ್ಗಿಗೆ ಅವನ ಪೇಟ ಬಂತು. ದೇಹ ಎಲ್ಲಿ ಬಿತ್ತೋ ಯಾರಿಗೂ ತಿಳಿಯದು; ಒಬ್ಬ ಸವಾರ ರಕ್ತ ಒಣಗಿದ ಪೇಟವನ್ನು ಬಟ್ಟೆಯಲ್ಲಿ ಸುತ್ತಿ ತಂದು ಮಾಜೀಸಾಳ ಮಡಿಲಿಗೆ ಹಾಕಿದ. ಪೇಟ ಬಂದರೆ ಹೆಂಡತಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಚಿತೆ ಏರುವುದು ಆ ಮನೆತನದ ನಡೆ. ನಿಂಬೆವ್ವನಿಗೆ ಮಕ್ಕಳಿರಲಿಲ್ಲ. ಅವಳು ಬೆಂಕಿಗೆ ಹೋದರೆ ಕೋಟೆ ದಲಪತಸಿಂಗನಿಗೆ ಸೇರುತ್ತಿತ್ತು. ದಲಪತಸಿಂಗ ಕಣ್ಣೊರೆಸಿಕೊಳ್ಳುತ್ತಲೇ ಅಂಗಳದಲ್ಲಿ ಗಂಧದ ಕಟ್ಟಿಗೆ ಒಟ್ಟಿಸಿದ. ಒಳಗೆ ನಿಂಬೆವ್ವ ಗೋಡೆಗೆ ಒರಗಿ ಕೂತಿದ್ದಳು. ಅವಳಿಗೆ ಚೀರಬೇಕು ಎನಿಸಿತ್ತು, ಪೇಟವನ್ನು ಕಸಿದು ಮುಖಕ್ಕೆ ಒತ್ತಿಕೊಳ್ಳಬೇಕು ಎನಿಸಿತ್ತು. ಆಗ ಎದುರಿನ ಮಂಚದ ಮೇಲಿದ್ದ ಕತ್ತಿ ಕಣ್ಣಿಗೆ ಬಿತ್ತು. ಮನೆಯಲ್ಲಿ ಒಬ್ಬ ಇರಲಿ ಎಂದಿದ್ದನಲ್ಲವೇ. ಅವಳು ಎದ್ದಳು, ಮಿಂದಳು, ಧಾರೆಯ ಸೀರೆ ಉಟ್ಟಳು, ಹಣೆತುಂಬ ಕುಂಕುಮ ಇಟ್ಟಳು, ಸಿಂಬೆಯ ಮೇಲೆ ಕತ್ತಿಯನ್ನು ಹೊತ್ತು ಅಂಗಳಕ್ಕೆ ಬಂದಳು.

"ಸ್ವಾಮೀ," ಎಂದು ಅವಳು ಮನೆತನದ ಪುರೋಹಿತನನ್ನು ಕೇಳಿದಳು, "ನಾನು ಯಾರ ಜೋಡಿ ಏಳು ಹೆಜ್ಜಿ ತುಳಿದೆ?" ಮದುವೆ ಮಾಡಿಸಿದವನೇ ಅವನು. "ಖಡ್ಗದ ಜೊತೆ," ಎಂದ. "ತಾಳಿ ಯಾರಿಗೆ ಮುಟ್ಟಿಸಿ ಕಟ್ಟಿದ್ರಿ?" "ಖಡ್ಗಕ್ಕೆ, ತಾಯಿ." ಅವಳು ಕತ್ತಿಯನ್ನು ಒರೆಯಿಂದ ಹಿರಿದು ಬಿಸಿಲಿಗೆ ಹಿಡಿದಳು. "ಎಲ್ಲಾರೂ ನೋಡ್ರಿ. ತುಕ್ಕು ಹಿಡಿದಿಲ್ಲ, ಮುರಿದಿಲ್ಲ. ನನ್ನ ಗಂಡ ಗಟ್ಟಿಮುಟ್ಟಾಗಿ ಅದಾನ. ನಾನು ಯಾರ ಚಿತಿ ಏರಲಿ?" ದಲಪತಸಿಂಗ ಕೆಂಡವಾದ. "ಕತ್ತಿ ಬರೀ ಗುರುತು! ಗಂಡ ಸತ್ತಿದ್ದಾನೆ!" ನಿಂಬೆವ್ವ ಅವನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಕಾಕಾ, ಕತ್ತಿ ಬ್ಯಾರೆ ಗಂಡಸು ಬ್ಯಾರೆ ಅಲ್ಲ ಅಂತ ನಮ್ಮಪ್ಪನ ಹಂದರದಾಗ ಹೇಳಿದವರು ನೀವು. ಅದು ಸುಳ್ಳಾಗಿದ್ರ ಈಗ ಒಪ್ಪಿಕೊಳ್ರಿ. ಆಗ ನನ್ನ ಮದುವೀನೂ ಸುಳ್ಳು, ನಾನು ಜಡೆಪ್ಪನಾಯಕನ ಮಗಳು, ಕೆಳಗಿಳಿದು ಹೋಗ್ತೀನಿ, ನನ್ನ ಹಿಂದ ಕಾಳಿನ ಬಂಡೀನೂ ಹೋಗ್ತಾವ. ಖರೇ ಆಗಿದ್ರ ಕಟ್ಟಿಗಿ ತಗಸ್ರಿ." ರಜಪೂತನಾದವನು ಸುಳ್ಳು ಹೇಳಿದೆನೆಂದು ತುಂಬಿದ ಅಂಗಳದಲ್ಲಿ ಒಪ್ಪುವುದು ಹೇಗೆ? ಎಲ್ಲರೂ ಅಂಗಳದಂಚಿನ ಪರದೆಯ ಹಿಂದೆ ಕೂತಿದ್ದ ಮಾಜೀಸಾಳ ಕಡೆ ನೋಡಿದರು.

ಮಾಜೀಸಾಳ ಮಡಿಲಲ್ಲಿ ಮಗನ ಪೇಟವಿತ್ತು. ಸೊಸೆಯ ಮಾತನ್ನು ಒಪ್ಪಿದರೆ ಮಗ ಆ ಲೋಕಕ್ಕೆ ಒಂಟಿಯಾಗಿ ಹೋದಂತೆ. ಅವಳು ಹುಟ್ಟಿ ಬೆಳೆದ ನಂಬಿಕೆ ಅದು. ಅವಳು ಪೇಟದ ಅಂಚನ್ನು ನೇವರಿಸಿದಳು. ಆಮೇಲೆ ಎದ್ದು ಹೋಗಿ ಪೇಟವೊಂದನ್ನೇ ಕಟ್ಟಿಗೆಯ ಮೇಲಿಟ್ಟಳು. ಪರದೆಯ ಹೊರಗೆ ಎಂದೂ ದನಿ ಕೇಳಿಸದವಳು, ಎಲ್ಲರಿಗೂ ಕೇಳುವಂತೆ, ಅದೂ ಕೆಳಗಿನವರ ಕನ್ನಡದಲ್ಲಿ ಹೇಳಿದಳು: "ಬಳೆಗಾರನ್ನ ಕರೀರಿ. ನನ್ನ ಸೊಸಿಗೆ ಹಸಿರು ಬಳಿ ಇಡಸಬೇಕು." ಬಳಿಕ ನಿಂಬೆವ್ವನನ್ನು ಹತ್ತಿರ ಎಳೆದುಕೊಂಡು, ಅವಳೊಬ್ಬಳಿಗೇ ಕೇಳುವಂತೆ, "ಇನ್ನು ಅಳಬ್ಯಾಡ ಮಗಳೇ. ನೀ ಅತ್ತ ದಿನ ಅವರು ಗೆದ್ದಾಂಗ," ಎಂದಳು.

ಅದು ನಿಜವಾಗಿತ್ತು. ಅಜಬಸಿಂಗನಿಗಾಗಿ ಅವಳ ಕಣ್ಣಿಂದ ಒಂದು ಹನಿ ಬಿದ್ದರೂ ಅವಳು ವಿಧವೆಯೆಂದು ತಾನೇ ಒಪ್ಪಿದಂತಾಗುತ್ತಿತ್ತು. ಕೋಟೆಯಲ್ಲಿ ಅಡುಗೆಯವಳಿಂದ ಮಾವುತನ ತನಕ ಎಲ್ಲರೂ ಗೋಳೋ ಎಂದು ಅತ್ತರು. ಅವಳು ಹಸಿರು ಬಳೆ ತೊಟ್ಟು, ಹೂ ಮುಡಿದು, ಒಣಗಿದ ಕಣ್ಣಲ್ಲಿ ಅವರ ನಡುವೆ ಓಡಾಡಿದಳು. ಕಲ್ಲೆದೆಯವಳು ಎಂದರು. ದಲಪತಸಿಂಗನ ಮನೆಯ ಹೆಂಗಸರು ದಿನವೂ ಬಂದು ಕೂತು, ಅಜಬಸಿಂಗ ಚಿಕ್ಕಂದಿನಲ್ಲಿ ಹೇಗೆ ನಗುತ್ತಿದ್ದ, ಹೇಗೆ ಕುದುರೆ ಏರುತ್ತಿದ್ದ ಎಂದು ಬೇಕೆಂದೇ ಬಣ್ಣಿಸುತ್ತ ಅವಳ ಕಣ್ಣನ್ನೇ ನೋಡುವರು. ಅವಳು ಅವರಿಗೆ ಎಲೆ ಅಡಿಕೆ ಕೊಟ್ಟು ಕಳಿಸುವಳು. ದಿನೇ ದಿನೇ ಅವಳ ತಟ್ಟೆಯ ರೊಟ್ಟಿ ಹಾಗೇ ಉಳಿಯತೊಡಗಿತು.

ಒಂದು ಮಧ್ಯಾಹ್ನ ಮಾಜೀಸಾ ಅಡುಗೆಮನೆಗೆ ಬಂದಳು. ವಿಧವೆಯಾದಂದಿನಿಂದ ಅವಳು ಉಳ್ಳಾಗಡ್ಡಿಯನ್ನು ಮುಟ್ಟಿದವಳಲ್ಲ, ಅದರ ವಾಸನೆ ಕೋಣೆಯತ್ತ ಸುಳಿದರೂ ಅಡುಗೆಯವಳನ್ನು ಬೈಯುವವಳು. ಅಂದು ಒಂದು ಬುಟ್ಟಿ ಉಳ್ಳಾಗಡ್ಡಿ ತರಿಸಿ, ಬಾಗಿಲ ಹೊರಗಿನ ಚಪ್ಪಡಿಯ ಮೇಲೆ ಕೂತು, ತಾನೇ ಚೂರಿ ಹಿಡಿದು ಕರೆದಳು: "ಬಾ ನಿಂಬೆವ್ವ. ಹೆಚ್ಚೋಣು." ನಿಂಬೆವ್ವನಿಗೆ ಅರ್ಥವಾಗಲಿಲ್ಲ. ಎದುರು ಕೂತು ಒಂದನ್ನು ಹೆಚ್ಚಿದಳು, ಎರಡನ್ನು ಹೆಚ್ಚಿದಳು. ಕಣ್ಣು ಉರಿಯಿತು. ತಲೆಯೆತ್ತಿದರೆ ಅತ್ತೆಯ ಕೆನ್ನೆಯ ಮೇಲೆ ನೀರು ಧಾರಾಕಾರ ಇಳಿಯುತ್ತಿತ್ತು. ಆಗ ತಿಳಿಯಿತು. ಬುಟ್ಟಿ ತಳ ಕಾಣುವ ತನಕ ಇಬ್ಬರೂ ಹೆಚ್ಚಿದರು. ದಲಪತಸಿಂಗನ ಸೊಸೆಯಂದಿರು ಓಡಿ ಬಂದು ಇಣುಕಿ, "ಏನಾಯ್ತು, ಏನಾಯ್ತು?" ಎಂದರೆ, ಮಾಜೀಸಾ ಮೂಗು ಒರೆಸಿಕೊಳ್ಳುತ್ತ, "ಈ ಸಲದ ಉಳ್ಳಾಗಡ್ಡಿ ಭಾಳ ಖಾರ ಅದಾವ, ನೀವೂ ಕೂಡ್ರಿ," ಎಂದಳಂತೆ. ಅಂದಿನಿಂದ ಮಾಜೀಸಾ ಬದುಕಿರುವ ತನಕ, ಸೊಸೆಯ ಮುಖ ಬಿಗಿದುಕೊಂಡಂತೆ ಕಂಡ ದಿನ ಬುಟ್ಟಿ ಬರುತ್ತಿತ್ತು. ಇಷ್ಟು ಉಳ್ಳಾಗಡ್ಡಿ ಯಾರು ತಿನ್ನಬೇಕು ಎಂದು ಅಡುಗೆಯವಳು ಗೊಣಗಿದ್ದನ್ನೂ ಊರು ನೆನಪಿಟ್ಟುಕೊಂಡಿದೆ.

ನಿಂಬೆವ್ವ ಬಹುಕಾಲ ಬಾಳಿದಳು. ಮನೆತನದ ಒಂದು ಕೂಸನ್ನು ಮಡಿಲಿಗೆ ತೆಗೆದುಕೊಂಡು ಬೆಳೆಸಿ ಪಟ್ಟ ಕಟ್ಟಿದಳು. ಧವಲೋತರ ವಂಶ ಆ ಕೂಸಿನಿಂದಲೇ ಮುಂದುವರಿಯಿತು, ಮುಂದೆ ಅವರ ಮನೆಮಾತೂ ಕನ್ನಡವಾಯಿತು. ಸೋತ ದಲಪತಸಿಂಗನ ಕಡೆಯವರು ಹೋದಲ್ಲೆಲ್ಲ, "ಧವಲಗಡ ಎಲ್ಲಿ ಉಳೀತು, ಅದು ಈಗ ಮುತ್ತೈದೆಯ ಗಡ!" ಎಂದು ಮೂದಲಿಸುತ್ತಿದ್ದರು. ಕೆಳಗಿನ ಹಳ್ಳಿಗಳ ಹೆಂಗಸರು ಅದನ್ನು ಮೂದಲಿಕೆಯೆಂದು ಕೇಳಿಸಿಕೊಳ್ಳಲೇ ಇಲ್ಲ. ಮದುವಣಗಿತ್ತಿಯರನ್ನು ಕರೆದುಕೊಂಡು, "ಮುತ್ತೈದೆಗಡಕ್ಕ ಹೋಗಿ ಕುಂಕುಮ ಹಚ್ಚಿಸಿಕೊಂಡು ಬರ್ತೀವಿ," ಎಂದು ಗುಡ್ಡ ಏರಿದರು. ಆ ಹೆಸರೇ ನಿಂತಿತು.

ಇಂದು ಗುಡ್ಡ ಏರಹೊರಟವರು ಬುಡದಲ್ಲಿ, ಹಿಂದೆ ಚಿತೆ ಏರಿದ ಧವಲೋತರ ಹೆಂಗಸರ ಮಾಸ್ತಿಕಲ್ಲುಗಳನ್ನು ನೋಡುತ್ತಾರೆ. ಕಲ್ಲಿನಿಂದ ಮೇಲೆದ್ದ, ಬಳೆ ತೊಟ್ಟ ತೋಳುಗಳು. ನಿಂಬೆವ್ವನ ಹೆಸರಿನ ಕಲ್ಲು ಅಲ್ಲಿಲ್ಲ. ಮೇಲೆ, ಬಿದ್ದ ಅಡುಗೆಮನೆಯ ಬಾಗಿಲಲ್ಲಿ ಒಂದು ಚಪ್ಪಡಿ ಇದೆ, ಅದರ ತುಂಬ ಚೂರಿಯ ಗೆರೆಗಳು. ಶ್ರಾವಣ ಮುಗಿಯುವ ಅಮಾವಾಸ್ಯೆಯಂದು ಊರಿನ ಹೆಂಗಸರು, ಗಂಡ ಇದ್ದವರು ಇಲ್ಲದವರು ಎಂಬ ಭೇದವಿಲ್ಲದೆ, ಅಲ್ಲಿ ಕೂತು ಉಳ್ಳಾಗಡ್ಡಿ ಹೆಚ್ಚುತ್ತಾರೆ. ಯಾರು ಯಾರಿಗಾಗಿ ಅತ್ತರೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಗುಡ್ಡ ಅವಳದು, ಮೂರು ಬಾಗಿಲೂ ಅವಳದು, ಬಸ್ಸಿನ ಹಣೆಯ ಮೇಲೆ ಬರೆದ ಊರಿನ ಹೆಸರು ಅವಳದು. ಅದಕ್ಕಾಗಿ ಅವಳು ತೆತ್ತ ಬೆಲೆ, ಒಂದು ಮಳೆಗಾಲ ಜೊತೆಗಿದ್ದ ಗಂಡನ ಹೆಸರು ಹಿಡಿದು ಒಮ್ಮೆಯೂ ಅಳದೆ ಬಾಳಿದ್ದು.