ಜಗ್ಗದ ದಿಬ್ಬ

ಹಿರೇಮಾಳದ ಬಸ್ ನಿಲ್ದಾಣದಿಂದ ಪಡುವಣಕ್ಕೆ ನಡೆದರೆ ಎರೆಹೊಲಗಳ ನಡುವೆ ಒಂದು ಬೋಳು ದಿಬ್ಬ ಕಾಣುತ್ತದೆ. ಅದರ ನೆತ್ತಿಯಲ್ಲಿ ಹೆಂಚು ಹಾರಿದ ಒಂಟಿ ಕೋಣೆ, ಪಕ್ಕದಲ್ಲಿ ವಾಲಿದ ಟೆಲಿಫೋನ್ ಕಂಬ. ಇದೇ ಜಗ್ಗದ ದಿಬ್ಬ. ಜಗ್ಗಣ್ಣನೆಂಬ ದರೋಡೆಕೋರ ಇಲ್ಲಿ ಹೊನ್ನು ಹೂತಿಟ್ಟಿದ್ದನೆಂದು ಹೊರಗಿನವರು ಬರೆದುಕೊಂಡು ಹೋಗಿದ್ದಾರೆ. ಹಾರೆ ತಂದು ಅಗೆದವರೂ ಉಂಟು; ಅವರಿಗೆ ದಕ್ಕಿದ್ದು ಬೆನ್ನುನೋವು. ಊರ ಹಿರಿಯರು ಹೇಳುವ ಕಥೆಯಲ್ಲಿ ದರೋಡೆಕೋರನೇ ಇಲ್ಲ.

ಹಿಂದೆ ಒಮ್ಮೆ, ಇಂಟರ್ನೆಟ್ಟು ಟೆಲಿಫೋನ್ ತಂತಿಯೊಳಗೆ ಕೀರಲುಗುಡುತ್ತ ಬರುತ್ತಿದ್ದ ಕಾಲದಲ್ಲಿ, ಊರ ಕಾಲೇಜಿನಲ್ಲಿ ವಿಶಾಲಾಕ್ಷಿ ಹೊಂಬಳ ಎಂಬಾಕೆ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಆಗಿನ ಹುಡುಕುವ ಯಂತ್ರಗಳು, ತನ್ನ ಹೆಸರನ್ನು ತಾನೇ ಹೆಚ್ಚು ಕೂಗಿಕೊಂಡ ಪುಟವನ್ನು ಮುಂದೆ ತಂದು ಕೂರಿಸುತ್ತಿದ್ದವು. ಅದನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಸಂತೆಯಲ್ಲಿ ಯಾರ ಬದನೆಕಾಯಿ ಚೆನ್ನವೆಂದು ಮಾರುವವಳನ್ನೇ ಕೇಳುತ್ತಾರೆಯೇ, ಉಳಿದವರು ಯಾರ ಕಡೆ ಕೈ ತೋರಿಸುತ್ತಾರೆಂದು ನೋಡಬೇಡವೇ ಎಂಬುದು ಅವಳ ವಾದ. ಹಾಗೆ ಒಂದು ಪುಟ ಕೊಂಡಿ ಹಾಕಿ ಇನ್ನೊಂದರ ಕಡೆ ಕೈ ತೋರಿಸುವುದನ್ನು ಲೆಕ್ಕ ಹಿಡಿದು ಸಾಲು ಹಚ್ಚುವ ಯಂತ್ರವನ್ನು ಅವಳೂ, ಜೊತೆಯ ಮಾಸ್ತರ ದಸ್ತಗೀರ ನದಾಫನೂ ಗುಜರಿಯಿಂದ ತಂದ ಕಂಪ್ಯೂಟರುಗಳನ್ನು ಜೋಡಿಸಿ ಕಟ್ಟಿದರು. ಅದಕ್ಕೆ ತೋರುಬೆರಳು ಎಂದು ಹೆಸರಿಟ್ಟರು.

ಕಾಲೇಜಿನ ಅಧ್ಯಕ್ಷರಾದ ರಾಚನಗೌಡರು ಒಂದು ದಿನ ಬಂದು, ಈ ಸೀಮೆಯಲ್ಲಿ ಒಳ್ಳೆಯ ಕಾಲೇಜು ಯಾವುದೆಂದು ಯಂತ್ರವನ್ನು ಕೇಳಿಸಿದರು. ಅವರ ಕಾಲೇಜು ಎಲ್ಲಕ್ಕಿಂತ ಕೆಳಗೆ ಬಂತು.

“ಅದನ್ನ ಒಂದೀಟು ಮ್ಯಾಲೆ ಜಗ್ಗವಾ,” ಎಂದರು ಗೌಡರು.

ಜಗ್ಗುವುದೆಂದರೆ ನಮ್ಮ ಸೀಮೆಯಲ್ಲಿ ಎಳೆಯುವುದು, ಬಾಗುವುದೂ ಹೌದು. ಜಗ್ಗದಿದ್ದರೆ ಕೆಲಸವೂ ಇಲ್ಲ, ಯಂತ್ರಕ್ಕೆ ಜಾಗವೂ ಇಲ್ಲವೆಂದು ಗೌಡರು ಮೆಲ್ಲಗೆ ಸೇರಿಸಿದರು. ವಿಶಾಲಾಕ್ಷಿಯ ಸಂಬಳದ ಮೇಲೆಯೇ ಮನೆ ನಡೆಯುತ್ತಿತ್ತು. ಅದು ಹೋದೀತೆಂದು ಹೆದರಿದಳು. ಒಂದು ಹೆಸರು ಮೇಲೇರಿದರೆ ಯಾರಿಗೆ ತಿಳಿದೀತು ಎಂದೂ ಅನ್ನಿಸಿತು. ಆದರೆ ಇಂದು ಕೈಹಾಕಿದರೆ ನಾಳೆಯಿಂದ ತೋರುಬೆರಳು ಗೌಡರ ಬೆರಳಾಗುತ್ತದೆಂದು ನೆನೆದೊಡನೆ ಸಿಟ್ಟು ನೆತ್ತಿಗೇರಿತು.

“ಜಗ್ಗಂಗಿಲ್ರೀ ಗೌಡ್ರ. ಅದನ್ನೂ ಜಗ್ಗಂಗಿಲ್ಲ, ನಾನೂ ಜಗ್ಗಂಗಿಲ್ಲ.”

ಮರುದಿನವೇ ಕಂಪ್ಯೂಟರುಗಳನ್ನು ಎತ್ತಿನ ಗಾಡಿಗೆ ಹೇರಿ, ಹಗಲು ಹೊತ್ತಿನಲ್ಲೇ, ಗೌಡರ ಮನೆಯ ಮುಂದೆಯೇ ಹಾಯಿಸಿಕೊಂಡು ಇಬ್ಬರೂ ದಿಬ್ಬ ಹತ್ತಿದರು ಎನ್ನುತ್ತಾರೆ. ದಸ್ತಗೀರನ ಸೋದರಮಾವ ಟೆಲಿಫೋನ್ ಲೈನ್‌ಮನ್ ಆಗಿದ್ದ. ಅವನ ದಯೆಯಿಂದ ಮೇಲಿನ ಪಾಳು ಕೋಣೆಗೆ ತಂತಿ ಬಂತು. ಗೌಡರ ಕಡೆಯವರು ತಂತಿ ಕತ್ತರಿಸಿದಾಗಲೆಲ್ಲ ದಸ್ತಗೀರ ಕಂಬ ಹತ್ತಿ ಕೂಡಿಸುತ್ತಿದ್ದನಂತೆ. ಮೋಸವಿಲ್ಲದ ಯಂತ್ರವೆಂಬ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿ, ಕಡೆಗೆ ದೇಶದೇಶಗಳ ಜನ ಏನೇ ಬೇಕಾದರೂ ತೋರುಬೆರಳನ್ನೇ ಕೇಳತೊಡಗಿದರು.

ಇಂದಿಗೂ ಕೋಣೆಯ ಬಾಗಿಲ ಮೇಲೆ ವಿಶಾಲಾಕ್ಷಿ ಎಣ್ಣೆಬಣ್ಣದಲ್ಲಿ ಬರೆದ ‘ಜಗ್ಗಂಗಿಲ್ಲ’ ಎಂಬ ಮಾತು ಮಾಸದೆ ನಿಂತಿದೆ. ಆದರೆ ನೋಡಲು ಬರುವವರು ಮೊಬೈಲಿನಲ್ಲಿ ಜಗ್ಗದ ದಿಬ್ಬವೆಂದು ಹುಡುಕಿದರೆ ತೋರುಬೆರಳು ಮೊದಲು ತೋರಿಸುವುದು ಅದೇ ಹೆಸರಿನ ಖಾನಾವಳಿಯನ್ನು. ದಿಬ್ಬವಿರುವುದು ಪಟ್ಟಿಯಲ್ಲಿ ಎಷ್ಟೋ ಕೆಳಗೆ. ಹುಟ್ಟಿದ ಜಾಗವನ್ನಾದರೂ ಮೇಲೆ ತರಬಾರದೇ ಎಂದು ಊರವರು ಕೇಳಿಕೊಂಡಾಗ, ತಲೆ ನರೆತಿದ್ದ ವಿಶಾಲಾಕ್ಷಿ ಬಾಗಿಲ ಮೇಲಿನ ಅಕ್ಷರವನ್ನು ಓದಿರೆಂದಳಂತೆ. ಹೀಗಾಗಿ ಬಂದವರು ಮೊದಲು ಖಾನಾವಳಿಗೆ ಹೋಗಿ, ಹೇಗೂ ಬಂದಾಯಿತೆಂದು ರೊಟ್ಟಿ ಉಂಡು, ದಿಬ್ಬ ಎಲ್ಲಿ ಎಂದು ಕೇಳುತ್ತಾರೆ. ರೊಟ್ಟಿ ಬಡಿಯುವಾಕೆ ಹಿಟ್ಟಿನ ಕೈಯೆತ್ತಿ ಪಡುವಣಕ್ಕೆ ಬೆರಳು ತೋರಿಸುತ್ತಾಳೆ.